ಮಳವಳ್ಳಿಯ ಕಾಗದ

ಮೂರು ವರ್ಷ ಹಲಗೂರಿನ ಹತ್ತಿರ ಗಂಡನ ಮನೆಯಲ್ಲಿದ್ದು, ಮಕ್ಕಳಾಗಲಿಲ್ಲವೆಂದು ಅವರು ಇನ್ನೊಂದು ಹೆಣ್ಣು ತಂದ ಮೇಲೆ ನಾನು ಮದ್ದೂರಿಗೆ, ಅಪ್ಪನ ಮನೆಗೆ, ವಾಪಸು ಬಂದೆ. ಆಗ ನನಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ಇರಬೇಕು. ಅಪ್ಪ ಊರಿನ ಶಾಲೆಯಲ್ಲಿ ಮೇಷ್ಟ್ರು. ಅವ್ವ ತೀರಿಹೋಗಿ ಬಹಳ ದಿನವಾಗಿತ್ತು. ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಗಾಡಿಯಿಂದ ಟ್ರಂಕು ಇಳಿಸಿಕೊಂಡು, ಮಾರನೆಯ ದಿನವೇ ನನ್ನ ಹಳೆಯ ಪುಸ್ತಕಗಳನ್ನು ಅಟ್ಟದಿಂದ ಕೆಳಗೆ ಹಾಕಿದರು.

ಹಿಂದಿನ ಬೀದಿಯಲ್ಲಿ ನನ್ನ ಗೆಳತಿಯ ಗಂಡನ ಮನೆ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಲೋಯರ್ ಸೆಕೆಂಡರಿ ಪಾಸು ಮಾಡಿದವರು. ನಾನು ಮೊದಲನೆಯವಳಾಗಿ, ಅವಳು ಹೇಗೋ ತಿಣುಕಿ. ಅವಳ ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಮದುವೆಯಾಗಿ ನಾಲ್ಕು ವರ್ಷವಾದರೂ ಅವಳಿಗೂ ಮಕ್ಕಳಿರಲಿಲ್ಲ. ಆದರೆ ಅವಳ ಗಂಡ ಸಂಜೆ ಬರುವಾಗ ಮರೆಯದೆ ಮಲ್ಲಿಗೆ ತರುತ್ತಿದ್ದ. ಪೇಪರು ಬಂದರೆ ಅವಳನ್ನು ಕೂರಿಸಿಕೊಂಡು ಓದಿ ಹೇಳುತ್ತಿದ್ದ. ಆ ಹೂವನ್ನು ಮುಡಿದು ಅವಳು ನಮ್ಮ ಮನೆಗೆ ಬಂದಾಗಲೆಲ್ಲ ನಾನು ಏನಾದರೊಂದು ನೆಪ ಮಾಡಿಕೊಂಡು ಒಳಗೆ ಹೋಗುತ್ತಿದ್ದೆ.

ಮಳವಳ್ಳಿಯ ಹೆಣ್ಣುಮಕ್ಕಳ ಶಾಲೆಗೆ ಒಬ್ಬ ಉಪಾಧ್ಯಾಯಿನಿ ಬೇಕಾಗಿದ್ದಾರೆ, ಸಂದರ್ಶನ ಮಂಡ್ಯದಲ್ಲಿ ಎಂದು ಸುದ್ದಿ ತಂದವರು ಅಪ್ಪ. ನಾನು ಅರ್ಜಿ ಬರೆಯುತ್ತಿದ್ದಾಗ ಅವಳು ಬಂದಳು. ನನ್ನ ಭುಜದ ಮೇಲಿಂದ ಬಗ್ಗಿ ಓದಿ, ತಾನೂ ಒಂದು ಹಾಕುತ್ತೇನೆಂದಳು. ಮಂಡ್ಯ ನೋಡಿದ ಹಾಗಾಗುತ್ತದೆ, ಜೊತೆಗೆ ರೈಲು ಹತ್ತಿದ ಹಾಗೂ ಆಗುತ್ತದೆ ಎಂದು ನಕ್ಕಳು. ನಾನೂ ನಕ್ಕೆ. ಅವಳ ಅರ್ಜಿಯನ್ನು ಅಪ್ಪನೇ ತಿದ್ದಿಕೊಟ್ಟರು. ಅದು ನನಗೆ ಆಗಲೇ ಸರಿಬರಲಿಲ್ಲ.

ಸಂದರ್ಶನಕ್ಕೆ ಅಪ್ಪನೂ ಸೇರಿ ಮೂವರೂ ಬೆಳಗಿನ ರೈಲಿನಲ್ಲಿ ಮಂಡ್ಯಕ್ಕೆ ಹೋದೆವು. ನಾಲೆ ನೀರು ಬಂದ ಹೊಸತು. ಹಿಂದೆ ಹುರುಳಿ ಬೆಳೆಯುತ್ತಿದ್ದ ಹೊಲದಲ್ಲೆಲ್ಲ ಕಬ್ಬು ನಿಂತಿತ್ತು. ಅವಳು ಕಿಟಕಿಗೆ ಮುಖ ಕೊಟ್ಟುಕೊಂಡು ಒಂದೊಂದನ್ನೂ ಅಪ್ಪನಿಗೆ ತೋರಿಸುತ್ತಿದ್ದಳು. ಗಂಡ ಕೊಡಿಸಿದ ಹೊಸ ಚಪ್ಪಲಿ ಅವಳ ಕಾಲಲ್ಲಿತ್ತು. ನಾನು ಮನಸ್ಸಿನಲ್ಲೇ ನದಿಗಳ ಹೆಸರು ಒಪ್ಪಿಸಿಕೊಳ್ಳುತ್ತಿದ್ದೆ.

ಒಂದು ಶಾಲೆಯ ಕೋಣೆಯಲ್ಲಿ ಮೂರು ಜನ ಕೂತಿದ್ದರು. ನಡುವೆ ಕನ್ನಡಕದ ಹೆಂಗಸೊಬ್ಬರು, ಬೆಂಗಳೂರಿನಿಂದ ಬಂದ ಇನ್‌ಸ್ಪೆಕ್ಟ್ರೆಸ್ಸಮ್ಮ. ನನಗೆ ಒಂದು ಪುಟ ಓದಿಸಿದರು, ಬೋರ್ಡಿನ ಮೇಲೆ ಭಿನ್ನರಾಶಿ ಲೆಕ್ಕ ಮಾಡಿಸಿದರು. ಒಂದೂ ತಪ್ಪಲಿಲ್ಲ. ಕೊನೆಗೆ, ತರಗತಿಯಲ್ಲಿ ಮಗುವೊಂದು ಅಳತೊಡಗಿದರೆ ಏನು ಮಾಡುತ್ತೀಯೆ ಎಂದರು. ಸುಮ್ಮನಿರಲು ಹೇಳುತ್ತೇನೆ ಎಂದೆ. ಆಮೇಲೆ ಅವಳು ಒಳಗೆ ಹೋದಳು. ಹೊರಗಿನ ಜಗಲಿಯಲ್ಲಿ ಕೂತಿದ್ದ ನನಗೆ ಒಳಗಿನಿಂದ ನಗು ಕೇಳಿಸಿತು. ಮೂವರೂ ನಗುತ್ತಿದ್ದರು. ಅಷ್ಟು ಹೊತ್ತು ಒಂದು ಸಲವೂ ನಗದಿದ್ದ ಆ ಇನ್‌ಸ್ಪೆಕ್ಟ್ರೆಸ್ಸಮ್ಮನೂ.

ಇರುವುದು ಒಂದೇ ಜಾಗ, ತೀರ್ಮಾನವನ್ನು ಕಾಗದದ ಮೂಲಕ ತಿಳಿಸುತ್ತೇವೆ ಎಂದು ಹೇಳಿ ಕಳಿಸಿದರು.

ಟಪಾಲಿನವನು ನಮ್ಮ ಬೀದಿಗೆ ಬರುತ್ತಿದ್ದುದು ಅಡುಗೆ ಮುಗಿಯುವ ಹೊತ್ತಿಗೆ. ಮೊದಲ ವಾರ ನಾನು ಬಾಗಿಲಲ್ಲಿ ನಿಂತು ಅವನ ಕೈ ನೋಡುತ್ತಿದ್ದೆ. ಎರಡನೆಯ ವಾರ ಅವನ ಕಾಲು ನೋಡತೊಡಗಿದೆ. ನಮ್ಮ ಮನೆ ದಾಟಿ, ಬಾವಿಯ ಹತ್ತಿರ ಅವನು ಎಡಕ್ಕೆ ತಿರುಗಿದರೆ ಅವಳ ಬೀದಿ. ನೆಟ್ಟಗೆ ಹೋದ ದಿನ ನನಗೆ ಊಟ ರುಚಿಸುತ್ತಿತ್ತು. ಎಡಕ್ಕೆ ತಿರುಗಿದ ದಿನ ಅವಳು ಬರುವವರೆಗೆ ಕೈಗೆ ಕೆಲಸ ಹತ್ತುತ್ತಿರಲಿಲ್ಲ. ಅವಳೋ ದಿನಾ ಮಧ್ಯಾಹ್ನ ಬಂದು, “ಬಂತೇನೆ ನಿಂದು?” ಎಂದು ಕೇಳುವಳು. ನನಗೆ ಬರಲಿ ಎಂದೇ ಅವಳು ಕೇಳುತ್ತಿದ್ದುದು. ಅದು ಗೊತ್ತಿದ್ದೂ ನನ್ನ ಮೈ ಉರಿಯುತ್ತಿತ್ತು. ಗಂಡನಿದ್ದಾನೆ, ಮನೆಯಿದೆ, ಇವಳಿಗೆ ಕೆಲಸ ಯಾತಕ್ಕೆ? ಆ ಕುರ್ಚಿಯ ಮೇಲೆ ಇವಳು ಕೂತರೆ ನಾನು ಎಲ್ಲಿಗೆ ಹೋಗಲಿ? ದಿನಾ ಬೆಳಿಗ್ಗೆ ಪಾತ್ರೆ ಉಜ್ಜುತ್ತ ಇದನ್ನೇ ಕೇಳಿಕೊಳ್ಳುತ್ತಿದ್ದೆ.

ಮೂರನೆಯ ವಾರ ಒಂದು ದಿನ ರಾಗಿಹಿಟ್ಟಿನ ಜರಡಿ ಕೇಳುವ ನೆಪದಲ್ಲಿ ಅವಳ ಮನೆಗೆ ಹೋದೆ. ಅವಳು ನೀರಿಗೆ ಹೋಗಿರುವಳೆಂದು ತಿಳಿದೇ ಹೋದೆ. ಅವಳ ಅತ್ತೆ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಗಟ್ಟಿ ಹೆಂಗಸು, ಆದರೆ ಕೆಟ್ಟವರಲ್ಲ. ನನ್ನನ್ನು ಕೂರಿಸಿಕೊಂಡು, ಮಳವಳ್ಳಿ ಎಷ್ಟು ದೂರ, ಬೆಳಿಗ್ಗೆ ಹೋಗಿ ಸಂಜೆ ಬರಬಹುದಾ ಎಂದು ವಿಚಾರಿಸಿದರು.

ನಾನು ಒಂದು ಕಾಯಿ ತೆಗೆದುಕೊಂಡು ಸುಲಿಯುತ್ತ, ಇಲ್ಲ, ಅಲ್ಲೇ ಮನೆ ಮಾಡಿಕೊಂಡಿರಬೇಕು ಎಂದೆ. ರಜ ಬಂದರೆ ಮಾತ್ರ ಊರಿಗೆ ಬರಬಹುದು ಎಂದೆ. ಅಷ್ಟರವರೆಗೆ ಸುಳ್ಳೇನೂ ಇರಲಿಲ್ಲ. ಆಮೇಲೆ ತಲೆ ಎತ್ತದೆ ಹೇಳಿದೆ.

“ವರ್ಸಕ್ಕೆ ಎರಡು ತಿಂಗ್ಳು ಗಂಡನ ಜೊತೇಲಿದ್ರೆ ಎಚ್ಚು ಕಣತ್ತೆ. ಮಕ್ಳುಮರಿ ಇಲ್ದೋರೇ ಬೇಕಂತೆ ಅವ್ರಿಗೆ. ಆಮೇಲೆ ಆದ್ರೂ ಕೆಲ್ಸ ಬುಡಿಸ್ತಾರಂತೆ.”

ಹಾಗೆಂದು ಯಾರೂ ಎಲ್ಲೂ ಹೇಳಿರಲಿಲ್ಲ. ಅವರ ಕೈ ನಿಂತಿತು. ಆ ಮುಖವನ್ನು ನಾನು ಬಲ್ಲೆ. ನನ್ನ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದಾಗ ಇದ್ದ ಮುಖವೇ ಅದು. ಯಾವ ಮಾತಿನಿಂದ ನನ್ನನ್ನು ಆ ಮನೆಯಿಂದ ಹೊರಗೆ ಹಾಕಿದರೋ ಅದೇ ಮಾತನ್ನು ಹೊತ್ತು ತಂದು ನಾನು ಇನ್ನೊಂದು ಮನೆಯಲ್ಲಿ ಇಳಿಸಿದ್ದೆ. ಜರಡಿ ಇಸಿದುಕೊಂಡು ಹೊರಟೆ. ಬಾವಿಯ ಹತ್ತಿರ ಅವಳು ಕೊಡ ಹೊತ್ತು ಎದುರಾದಳು, ಏನೋ ತಮಾಷೆ ಮಾಡಿದಳು. ನಾನು ನಗಲೂ ಇಲ್ಲ, ನಿಲ್ಲಲೂ ಇಲ್ಲ.

ನಾಲ್ಕು ದಿನ ಕಳೆದು ಟಪಾಲಿನವನು ಎಡಕ್ಕೆ ತಿರುಗಿದ. ಸ್ವಲ್ಪ ಹೊತ್ತಿಗೇ ಅವಳು ಕಾಗದ ಹಿಡಿದು ಓಡಿಬಂದಳು. ಗಂಡ ಕಚೇರಿಯಲ್ಲಿದ್ದ. ಅತ್ತೆಗೆ ಓದಲು ಬಾರದು. ಮೊದಲು ನನಗೇ ತೋರಿಸಬೇಕೆಂದು ಬಂದಿದ್ದಳು. ಮಳವಳ್ಳಿಯ ಕೆಲಸ ಅವಳಿಗೇ ಸಿಕ್ಕಿತ್ತು. ನನ್ನ ಮುಖ ನೋಡಿದ ಮೇಲೆ, ನಾನೂ ಅದಕ್ಕೇ ಕಾದಿದ್ದು ಅವಳಿಗೆ ನೆನಪಾಯಿತೆಂದು ಕಾಣುತ್ತದೆ, ಕಾಗದವನ್ನು ಮಡಿಸಿಟ್ಟುಕೊಂಡಳು. ನಿನಗೇ ಬರಬೇಕಿತ್ತು, ಅವರಿಗೇನು ಕಣ್ಣಿರಲಿಲ್ಲವಾ ಎಂದಳು. ನಾನು ಬಚ್ಚಲಿಗೆ ಹೋಗಿ ನೀರು ಸುರಿದುಕೊಳ್ಳುವ ಸದ್ದು ಮಾಡುತ್ತ ಅತ್ತುಬಿಟ್ಟೆ.

ಆಮೇಲೆ ಅವಳು ಒಂದು ವಾರ ಬರಲಿಲ್ಲ. ಬಂದ ದಿನ ಅವಳ ಕಣ್ಣು ಊದಿಕೊಂಡಿತ್ತು. ಅತ್ತೆ ಸುತರಾಂ ಒಪ್ಪಲಿಲ್ಲವಂತೆ. ಮೊದಲು ಅವಳ ಪರವಾಗಿದ್ದ ಗಂಡನೂ ಕೊನೆಗೆ, ಅವ್ವ ಬೇಡ ಎಂದ ಮೇಲೆ ಬೇಡ ಎಂದನಂತೆ. ಬರುವುದಿಲ್ಲವೆಂದು ತಾನೇ ಬರೆದು ಹಾಕಿರುವುದಾಗಿ ಹೇಳಿದಳು. ಕಾಗದದ ಕೊನೆಯಲ್ಲಿ, ತನ್ನ ಜೊತೆಗೆ ಸಂದರ್ಶನಕ್ಕೆ ಬಂದವಳು ತನಗಿಂತ ಚೆನ್ನಾಗಿ ಓದಿದವಳು, ಅವಳನ್ನು ಕರೆಯಬೇಕೆಂದೂ ಬರೆದಿದ್ದಳು. ಅಪ್ಪ ಅವಳ ತಲೆ ನೇವರಿಸಿದರು. ನಾನು ಒಲೆಗೆ ಸೌದೆ ಒಟ್ಟುತ್ತ ಕೂತೇ ಇದ್ದೆ.

ಹದಿನೈದು ದಿನಕ್ಕೆ ಟಪಾಲಿನವನು ನಮ್ಮ ಬಾಗಿಲಲ್ಲೇ ನಿಂತ. ಇಷ್ಟು ದಿನ ಕಾದ ಕಾಗದ ಕೈಗೆ ಬಂದಾಗ ಸಂತೋಷವಾಯಿತು. ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಓದಿ ಮುಗಿಸುವಷ್ಟರಲ್ಲಿ, ಇದು ಅವಳು ಬೇಡವೆಂದು ಬಿಟ್ಟದ್ದು, ಅವರು ಮೊದಲು ಕೇಳಿದ್ದು ಅವಳನ್ನೇ ಎಂಬುದು ಚುಚ್ಚಿತು. ಕೆಲಸ ಸಿಕ್ಕ ಮೇಲೂ ನಾನು ಅವಳ ಮೇಲೆ ಕರುಬುತ್ತಿದ್ದೆ.

ಹೊರಡುವ ಹಿಂದಿನ ದಿನ ಅವಳು ನನ್ನ ಟ್ರಂಕು ಜೋಡಿಸಲು ಬಂದಳು. ಸೀರೆಗಳನ್ನು ಮಡಿಸಿ ಮಡಿಸಿ ಇಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ನಿಮ್ಮ ಅತ್ತೆಗೆ ಆ ಮಾತು ಹೇಳಿದವಳು ನಾನೇ ಎಂದುಬಿಟ್ಟೆ.

ಅವಳು ಕೈಯಲ್ಲಿದ್ದ ಸೀರೆಯನ್ನು ಪೂರ್ತಿ ಮಡಿಸಿ ಇಟ್ಟಳು.

“ಗೊತ್ತು ಕಣೆ. ಕಾಗ್ದ ಬಂದ ದಿನ್ವೇ ಅತ್ತೆ ಏಳುದ್ರು.”

ಗೊತ್ತಿದ್ದೂ ನನ್ನ ಹೆಸರು ಯಾಕೆ ಬರೆದೆ ಎಂದು ಕೇಳಿದೆ.

“ನಂಗಿಲ್ಲ ಅಂತ ಆದ್ಮೇಲೆ ಗುರ್ತಿಲ್ದೋಳ್ಗೆ ಯಾಕೋಗ್ಬೇಕು? ನೀನೇಳ್ದೆ ಇದ್ರೂವೆ ಅವ್ರು ಕಳುಸ್ತಿದ್ರೋ ಇಲ್ವೋ, ಯಾರ್ಗೊತ್ತು. ಆದ್ರೆ ನೀನು ಏಳುದ್ಯಲ್ಲ.” ಟ್ರಂಕಿನ ಮುಚ್ಚಳ ಹಾಕಿ ಎದ್ದಳು. “ಸ್ವಲ್ಪ ದಿನ ನಿನ್ನ ಮೊಕ ನೋಡಕ್ಕೆ ನನ್ನ ಕೈಲಾಗಕಿಲ್ಲ. ಓಗ್ಬುಟ್ಟು ಬಾ.”

ಮಾರನೆಯ ದಿನ ಬಸ್ಸಿನ ಹತ್ತಿರ ಅಪ್ಪ ಒಬ್ಬರೇ ಇದ್ದರು.

ಮಳವಳ್ಳಿಯಲ್ಲಿ ಇಪ್ಪತ್ತು ಚಿಲ್ಲರೆ ಹೆಣ್ಣುಮಕ್ಕಳು, ಎರಡು ಕೋಣೆ, ಒಂದು ಬೋರ್ಡು. ಮೊದಲ ತಿಂಗಳೇ ಒಂದು ಹುಡುಗಿ ಅವ್ವ ಬೇಕೆಂದು ಅಳತೊಡಗಿತು. ಸುಮ್ಮನಿರು ಎಂದೆ, ಇನ್ನೂ ಜೋರಾಯಿತು. ಅವಳಾಗಿದ್ದರೆ ಏನು ಮಾಡುತ್ತಿದ್ದಳೋ ಎಂದು ಯೋಚಿಸಿ, ಎತ್ತಿ ಮೇಜಿನ ಮೇಲೆ ಕೂರಿಸಿಕೊಂಡು ಪಾಠ ಮಾಡಿದೆ. ಕೆಲಸ ಕಲಿತೆ. ಮಕ್ಕಳು ನನ್ನನ್ನು ಮೇಷ್ಟ್ರಮ್ಮ ಎನ್ನುತ್ತಿದ್ದರು. ಆ ಹೆಸರು ನನಗೆ ಹಿಡಿಸಿತು.

ಮಾರನೆಯ ವರ್ಷ ಅಪ್ಪನ ಕಾಗದದಲ್ಲಿ ನಾಲ್ಕನೆಯ ಸಾಲು: ಹಿಂದಿನ ಬೀದಿಯ ನಿನ್ನ ಗೆಳತಿಗೆ ಗಂಡುಮಗುವಾಗಿದೆ, ತಾಯಿ ಮಗು ಕ್ಷೇಮ. ಆ ಮಧ್ಯಾಹ್ನ ಬೋರ್ಡಿನ ಮೇಲೆ ನಾನು ಮಾಡಿದ ಭಾಗಾಕಾರ ತಪ್ಪಾಯಿತು. ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ತೋರಿಸಿದಳು.

ಬೇಸಿಗೆ ರಜಕ್ಕೆ ಊರಿಗೆ ಹೋದಾಗ ಎರಡು ದಿನ ಮನೆಯಲ್ಲೇ ಕೂತಿದ್ದು, ಮೂರನೆಯ ದಿನ ಅವಳ ಮನೆಗೆ ಹೋದೆ. ಅವಳು ಎದ್ದು ಬರಲಿಲ್ಲ, ಹೋಗೆಂದೂ ಹೇಳಲಿಲ್ಲ. ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಗೋಡೆಗೆ ಒರಗಿ ಕೂತೆ. ಎಣ್ಣೆ ಹಚ್ಚಿ ಮುಗಿಸಿದ ಮೇಲೆ ಅವಳು ಮಗುವನ್ನು ಎತ್ತಿ ನನ್ನ ತೊಡೆಯ ಮೇಲೆ ಮಲಗಿಸಿ, ಬಿಸಿನೀರು ತರುತ್ತೇನೆಂದು ಒಳಗೆ ಹೋದಳು. ಅದು ನನ್ನ ಬೆರಳನ್ನು ಹಿಡಿದುಕೊಂಡಿತು. ಮಗು ನನ್ನದಲ್ಲವೆಂಬ ಸಂಕಟ ಎಷ್ಟು ಜೋರಾಗಿತ್ತೆಂದರೆ, ಅವಳು ವಾಪಸು ಬಂದಾಗ ನಾನು ತಲೆ ಎತ್ತಲಿಲ್ಲ.

ಅವಳು ತಂಬಿಗೆ ಇಟ್ಟು ನನ್ನ ಎದುರಿಗೇ ಕೂತಳು. ಶಾಲೆಯಲ್ಲಿ ಎಷ್ಟು ಮಕ್ಕಳು ಎಂದು ಕೇಳಿದಳು. ಹೇಳಿದೆ. ಬೋರ್ಡು ದೊಡ್ಡದಾ, ಹಾಡು ಹೇಳಿಸುತ್ತೀಯಾ, ಎಲ್ಲರಿಗಿಂತ ಚುರುಕು ಯಾರು ಎಂದೆಲ್ಲ ಕೇಳಿದಳು. ತಪ್ಪು ಲೆಕ್ಕ ಹಿಡಿದ ಹುಡುಗಿಯ ವಿಷಯ ಹೇಳಿದೆ. ಅವಳು ನಗಲಿಲ್ಲ. ನೀರು ಆರುತ್ತಿದ್ದರೂ ಮಗುವನ್ನು ತೆಗೆದುಕೊಳ್ಳದೆ, ನನ್ನ ಬಾಯಿಯನ್ನೇ ನೋಡುತ್ತಿದ್ದಳು.

“ಇಸ್ಕೂಲಿಂದು ಇನ್ನೂ ಏಳೆ” ಎಂದಳು.