ಪ್ಯಾಂಟು ಬಿಚ್ಚಿ ಹೊಲಿದ ಲಂಗ

ಹಳೆಯ ಬಟ್ಟೆಗಳಿಂದ ಹೊಲಿದ ಹೊಸ ಜಾಕೆಟ್ಟನ್ನು ಮಗಳು ನಿನ್ನೆ ಅಂಗಡಿಯಿಂದ ತಂದು ತೋರಿಸಿದಳು. ನನ್ನ ಕೈ ತಾನಾಗಿ ಕಾಲರಿನ ಒಳಮೈ ಮಗುಚಿತು.

ಬಡವನಹಳ್ಳಿಯಲ್ಲಿ ಓದುವಾಗ, ಸಂತೆಯಲ್ಲಿ ಕೊಂಡ ಹಳೆಯ ಪ್ಯಾಂಟಿನ ಹೊಲಿಗೆ ಬಿಚ್ಚಿ ಅಮ್ಮ ನನಗೊಂದು ಲಂಗ ಹೊಲಿದಳು. ಅಜ್ಜಿ ತೊಡಲು ಬಿಡಲಿಲ್ಲ.

“ಯಾರೋ ಸತ್ತೋರ್ದು ಇರ್ಬೇಕು ಕಣಮ್ಮ.”

ಸೊಂಟಪಟ್ಟಿಯ ಒಳಗೆ ಬಟ್ಟೆ ತೊಳೆಯುವವರು ಹಾಕುವ ಮಸಿಯ ಗುರುತು ಇತ್ತು. ಅಜ್ಜಿ ನನ್ನನ್ನೂ ಎಳೆದುಕೊಂಡು, ಊರಿನ ಬಟ್ಟೆ ತೊಳೆಯುವ ರಂಗಣ್ಣನಿಗೆ ಅದನ್ನು ತೋರಿಸಿದಳು.

“ನಂದೇ ಗುರುತು ಕಣಜ್ಜಿ. ನಿನ್ ಮೊಮ್ಮಗಳ ಲೆಕ್ಕದ ಮೇಷ್ಟ್ರದು. ಗುಂಡುಕಲ್ಲಂಗವ್ರೆ! ಹೊಟ್ಟೆ ಬಂತು, ಪಾತ್ರೆ ಮಾರೋಳ್ಗೆ ಹಾಕ್ಬುಟ್ರು.”

“ಅಂಗಾದ್ರೆ ಹಾಕ್ಕಂಡು ಹೋಗೇ,” ಎಂದಳು ಅಜ್ಜಿ.

ಮರುದಿನದಿಂದ ಅನುಮಾನ ನನಗೆ ಹತ್ತಿತು. ಮೇಷ್ಟ್ರು ಬೋರ್ಡಿನಿಂದ ತಿರುಗಿದಾಗಲೆಲ್ಲ ನನ್ನ ಲಂಗವನ್ನೇ ನೋಡಿದಂತಾಗುತ್ತಿತ್ತು. ವರ್ಷವಿಡೀ ತೊಡೆಯ ಮೇಲೆ ಪುಸ್ತಕ ಹರಡಿಕೊಂಡೇ ಕೂತೆ.

“ಏನಮ್ಮ ಹುಡುಕ್ತಿದೀಯ?” ಎಂದಳು ಮಗಳು.

ಜಾಕೆಟ್ಟಿನಲ್ಲಿ ಯಾವ ಗುರುತೂ ಇರಲಿಲ್ಲ. ಇದು ಯಾರದ್ದೆಂದು ಕೇಳಲು ಯಾರ ಮನೆಗೂ ಹೋಗುವಂತಿಲ್ಲ.