ಹಾರ್ನ್ ಕೇಳಿದರೆ ಏಳುವ ಮಾಸ್ತಪ್ಪ

ಊರೂರು ತಿರುಗಿ ಜನರನ್ನು ನಗಿಸುವ ಯೋಗರಾಜನಿಗೆ ಬಸ್ಸಿನ ಹಾರ್ನ್ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದೆಯೇ ಮನೆ ಇರುವವನಿಗೆ ಇದೆಂಥ ಗ್ರಹಚಾರ ನೋಡಿ!

ಎಂಟು ವರ್ಷದ ಹಿಂದೆ ಅವನೂ ಗೆಳೆಯ ನಿಶಾಂತನೂ ಮೊಬೈಲಿನಲ್ಲಿ ಎರಡು ನಿಮಿಷದ ಕಾಮಿಡಿ ವಿಡಿಯೊ ಮಾಡುತ್ತಿದ್ದರು. ನಟರೆಂದರೆ ಕೇರಿಯವರೇ. ಪಕ್ಕದ ಮನೆಯ ಮಾಸ್ತಪ್ಪ ಖಾಸಗಿ ಬಸ್ಸಿನ ಏಜೆಂಟರು. 'ಸಾಗರ, ಸಾಗರ' ಎಂದು ಕೂಗಿದರೆ ಸಾಗರಕ್ಕೇ ಕೇಳಬೇಕು, ಅಂಥ ಗಂಟಲು. ಅವರಿಗೆಂದೇ ಯೋಗರಾಜ ಒಂದು ಕತೆ ಹೊಸೆದ. ಏಜೆಂಟರು ಸತ್ತಿದ್ದಾರೆ, ಜಗಲಿಯಲ್ಲಿ ಹೆಣ, ಸುತ್ತ ಅಳು. ರಸ್ತೆಯಲ್ಲಿ ಬಸ್ಸು ಹಾರ್ನ್ ಹಾಕುತ್ತದೆ. ಹೆಣ ಎದ್ದು ಕೂತು, "ತೀರ್ಥಳ್ಳಿ, ತೀರ್ಥಳ್ಳಿ! ಸೀಟಿದೆ ಬನ್ನಿ!" ಎಂದು ಕೂಗುತ್ತದೆ.

ತಲೆಯ ಬಳಿ ಹಣತೆ ಇಡುವಾಗ ಮಾಸ್ತಪ್ಪನವರ ಹೆಂಡತಿ ಬೆಳ್ಳಮ್ಮ ತಡೆದರು.

"ಬದುಕಿರೋರ ತಲೆ ಹತ್ರ ದೀಪ ಹಚ್ಬಾರ್ದು ಕಣೋ ಯೋಗ. ಖಾಲಿ ಹಣತೆ ಇಡು."

"ನ್ಯಾಚುರಲ್ ಆಗಿರ್ಬೇಕು ಚಿಕ್ಕಮ್ಮ," ಎಂದು ಯೋಗರಾಜ ತಾನೇ ಕಡ್ಡಿ ಗೀರಿದ.

ವಿಡಿಯೊವನ್ನು ಲಕ್ಷಗಟ್ಟಲೆ ಜನ ನೋಡಿದರು. ಅದನ್ನು ಹಾಕಿದ ಹನ್ನೊಂದನೆಯ ದಿನ ಮಾಸ್ತಪ್ಪ ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಮಾತಾಡಲಿಲ್ಲ. ಅದೇ ಜಗಲಿ, ಅದೇ ಚಾಪೆ, ಅದೇ ಹಣತೆ. ಹೊರಗೆ ಬಸ್ಸೊಂದು ಹಾರ್ನ್ ಹಾಕಿದ್ದೇ ತಡ, ಅಳುತ್ತಿದ್ದವರೆಲ್ಲ ಗಪ್ಪನೆ ಸುಮ್ಮನಾಗಿ ಹೆಣದ ಮುಖ ನೋಡಿದರು. ಯಾರೋ ಕಿಸಕ್ಕೆಂದರು. ಯೋಗರಾಜ ಕಾದ, ನಿಜವಾಗಿಯೂ ಕಾದ. ಅವರು ಏಳಲಿಲ್ಲ.

ಮೊನ್ನೆ ಸಾಗರದ ಕಾರ್ಯಕ್ರಮವೊಂದರಲ್ಲಿ ಹಳೆಯ ದಿನಗಳ ಮಾತು ಬಂದಾಗ ನಿಶಾಂತ ಆ ವಿಡಿಯೊ ಹಾಕಿಸಿಯೇಬಿಟ್ಟ. ಸಭೆ ಬಿದ್ದು ಬಿದ್ದು ನಕ್ಕಿತು. ಯೋಗರಾಜನ ಕಣ್ಣಿಗೆ ಕಂಡದ್ದು ಆ ದೀಪವೊಂದೇ. ತಾನೇ ಅವರನ್ನು ಕೊಂದೆ ಎಂಬ ಭಯ ಎಂಟು ವರ್ಷದಿಂದ ಅವನನ್ನು ಬಿಟ್ಟಿರಲಿಲ್ಲ. ಮರುದಿನ ಬೆಳಿಗ್ಗೆಯೇ ಹೋಗಿ ಬೆಳ್ಳಮ್ಮನವರ ಮುಂದೆ ನಿಂತ.

"ತಪ್ಪಾಯ್ತು ಚಿಕ್ಕಮ್ಮ. ಆ ದೀಪ ನಾನು ಹಚ್ಬಾರ್ದಿತ್ತು. ವಿಡಿಯೊ ಇವತ್ತೇ ತೆಗ್ದುಬಿಡ್ತೀನಿ."

ಬೆಳ್ಳಮ್ಮ ಗಾಬರಿಯಾಗಿ, ಕೈಯಲ್ಲಿದ್ದ ಮೊಬೈಲನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು. "ತೆಗೀಬ್ಯಾಡ ಮಾರಾಯಾ, ಕೈ ಮುಗೀತೀನಿ! ದಿನಾ ನೋಡ್ತೀನಿ ನಾನು."

"ಅದ್ರಲ್ಲಿ ಆ ದೀಪ ಇದ್ಯಲ್ಲ ಚಿಕ್ಕಮ್ಮ..."

"ಇರ್ಲಿ ಬಿಡು. ಅದ್ರಲ್ಲಿ ಅವ್ರು ಏಳ್ತಾರೆ."

ಅವರು ಅವನನ್ನು ಜಗಲಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ವಿಡಿಯೊ ಹಾಕಿದರು. ತೆರೆಯ ಮೇಲೆ ಮಾಸ್ತಪ್ಪ ಕಣ್ಣು ಮುಚ್ಚಿ ಮಲಗಿದ್ದರು.

"ಸುಮ್ನಿರು," ಎಂದರು ಬೆಳ್ಳಮ್ಮ. "ಈಗ ಹಾರ್ನ್ ಬರತ್ತೆ."

ಯೋಗರಾಜ ಉಸಿರು ಬಿಗಿಹಿಡಿದು ಕಾದ.