ಮುಳ್ಳು ಇಳಿದ ಮೇಲೆ

ಮಲಯಾಳ ಸೀಮೆಯಲ್ಲಿ, ಮೀನಂಗಡಿಯಾಚೆಯ ಟೀ ಫ್ಯಾಕ್ಟರಿಯಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು ಗುಂಡ್ಲುಪೇಟೆ ಕಡೆಯವರೊಬ್ಬರು. ತಿರುವಾಂಕೂರಿನಿಂದ ವಲಸೆ ಬಂದವರು ಕಾಡು ಕಡಿಯುತ್ತಿದ್ದ ಕಾಲ, ಸೌದೆಗೆ ಬರವಿರಲಿಲ್ಲ. ನಾನು ಒತ್ತಡ ಬರೆದುಕೊಳ್ಳಲು ಪುಸ್ತಕ ಹಿಡಿದು ಹೋದರೆ ಬಾಯ್ಲರಿನವರು ಉಗಿಯ ಗೇಜಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು.

"ಮುಳ್ಳು ಇಳೀಲಿ ರೈಟ್ರೇ, ಆಮ್ಯಾಲೆ ಹೇಳಾನ. ಇದು ಯಾರ್ ಕೈಗೆ ಹೋಯ್ತದೋ!"

ಈ ಗುಮಾನಿ ಅವರಿಗೆ ಅಂಟಿದ್ದು ಒಂದು ಫೋನಿನಿಂದ. ಮುಳ್ಳು ಕೆಂಪು ಗೆರೆ ದಾಟಿದ ಕೂಡಲೇ ಬಾಯ್ಲರ್ ಇನ್ಸ್‌ಪೆಕ್ಟರಿಗೆ ತಿಳಿಸಬೇಕೆಂದು ಹೊಸ ಆಜ್ಞೆ ಬಂದಿತ್ತು. ಒಂದು ಮಧ್ಯಾಹ್ನ ದಾಟಿಯೇಬಿಟ್ಟಿತು. ಅವರು ನನ್ನ ಕೋಣೆಗೆ ಓಡಿಬಂದು ಫೋನೆತ್ತಿ "ತೊಂಬತ್ತು!" ಎಂದು ಕೂಗಿದರು. ಮಲಯಾಳದಲ್ಲಿ ತೊಣ್ಣೂರು ಎನ್ನಬೇಕಿತ್ತು. ಗಾಬರಿಯಲ್ಲಿ ಬಾಯಿಗೆ ಬಂದದ್ದು ಕನ್ನಡ. ಆ ಕಡೆಯ ಮಲಯಾಳಿ ಕಿವಿಗೆ ಅದು 'ಒಂಬದ್', ಅಂದರೆ ಬರೀ ಒಂಬತ್ತು.

"ತೀ ಕೂಟ್ಟ್!" ಎಂದು ಅಪ್ಪಣೆಯಾಯಿತು. ಬೆಂಕಿ ಹೆಚ್ಚಿಸು!

ಇವರು ರಿಸೀವರ್ ಎಸೆದು ಓಡಿಹೋಗಿ ಉಗಿ ಬಿಟ್ಟರು. ಫ್ಯಾಕ್ಟರಿ ಉಳಿಯಿತು. ವಾರದ ಮೇಲೆ ಇನ್ಸ್‌ಪೆಕ್ಟರಿಂದ ಬಂದ ಕಾಗದದಲ್ಲಿ, ಒತ್ತಡ ಒಂಬತ್ತೇ ಇದ್ದಾಗ ಅಪ್ಪಣೆ ಮೀರಿ ಉಗಿ ಹಾಳುಮಾಡಿದ ತಪ್ಪು ಅವರದೆಂದಿತ್ತು. ಅದನ್ನು ಓದಿ ಹೇಳಿದವನು ನಾನು. ಅಂದಿನಿಂದ ಅವರು ನನ್ನನ್ನೂ ನಂಬಲಿಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ಆಸ್ಪತ್ರೆಯಲ್ಲಿ. ಮಲೇರಿಯಾ ಬಂದು ಮೈ ಕೆಂಡವಾಗಿತ್ತು. ಕಂಪೌಂಡರ್ ಹತ್ತಿರ ಬರುವಷ್ಟರಲ್ಲಿ ಬಾಯಲ್ಲಿದ್ದ ಥರ್ಮಾಮೀಟರನ್ನು ತೆಗೆದು ಮುಷ್ಟಿಯಲ್ಲಿ ಮುಚ್ಚಿಕೊಂಡರು.

"ಎಷ್ಟಿದೆ?" ಎಂದೆ.

"ಇಳೀಲಿ ರೈಟ್ರೇ."